ಅಮ್ಮನ ಜೊತೆಗಿರ್ತೀನಿ ಅಂದವನು

ನನ್ನ ಮಗಳು ಮೌನಿಕಾಳಿಗೆ,

ಟೇಕಲ್‌ನಿಂದ ನಿನ್ನ ದೊಡ್ಡಪ್ಪ ಮುನಿರಾಮಪ್ಪ ಬರೆಯುತ್ತಿರುವುದು. ನಿನ್ನ ಮೆಸೇಜು ಬಂದು ಹನ್ನೊಂದು ದಿನವಾಯಿತು. ಒಂದೇ ಸಾಲು. "ದೊಡ್ಡಪ್ಪ, ಅಪ್ಪ ನರಕದಲ್ಲಿದ್ದಾರಾ? ಹೌದು ಇಲ್ಲ ಅಂತ ಬರೀರಿ, ಸಾಕು." ಉತ್ತರ ಕಳಿಸಲು ಹೋಗಿ ನಾಲ್ಕು ಸಲ ಅಳಿಸಿದೆ. ಈ ಮೊಬೈಲಿನಲ್ಲಿ ನನ್ನ ಹೆಬ್ಬೆರಳಿಗೆ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಅದು ನೆಪ ಬಿಡು. ನೀನು ಇಂಥ ಪ್ರಶ್ನೆ ಕೇಳುವ ಹಾಗೆ ಮಾಡಿದವನು ನಾನೇ. ಅದಕ್ಕೇ ಕಾಗದ ತೆಗೆದುಕೊಂಡು ಕೂತಿದ್ದೇನೆ.

ನಿನ್ನಪ್ಪ ಕದಿರೇಶ ಹೋಗಿ ಎಂಟು ತಿಂಗಳು. ಅಂದಿನಿಂದ ನೀನು ಚರ್ಚಿನ ಮೆಟ್ಟಿಲು ಹತ್ತಿಲ್ಲವೆಂದು ನಿನ್ನ ಅಮ್ಮ ಸುನಂದ ಹೇಳಿದಳು. ನೀನು ಪಾಠ ಹೇಳುತ್ತಿದ್ದ ಸಂಡೇ ಸ್ಕೂಲಿನ ಮಕ್ಕಳು ಅಕ್ಕ ಎಲ್ಲಿ ಎಂದು ಮನೆತನಕ ಬಂದರೂ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. "ಅಪ್ಪ ಇಲ್ಲದ ಸ್ವರ್ಗ ನನಗ್ಯಾಕಮ್ಮ" ಅಂದೆಯಂತೆ. ಅದನ್ನು ಹೇಳುವಾಗ ಸುನಂದ ಅತ್ತಳು. ನನಗೆ ಮಾತ್ರ ಈ ಮಾತನ್ನು ಮೊದಲೇ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು.

ಮೊದಲಿನಿಂದ ಹೇಳುತ್ತೇನೆ. ಆಗ ನಿನಗೆ ಏಳು ವರ್ಷ. ನಾನು ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದೆ, ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನರಕದ ಪಾಠ ಬಂದಾಗ ಚಿತ್ರ ಯಾಕೆ, ನಿಜವಾದ ಬೆಂಕಿಯನ್ನೇ ತೋರಿಸೋಣ ಎಂದು ನಿಮ್ಮನ್ನೆಲ್ಲ ಸಾಲಾಗಿ ಗೂಡಿಗೆ ಕರೆದುಕೊಂಡು ಹೋದೆ. ಗೂಡಿನ ಬಾಯಿಗೆ ಮುಚ್ಚಿದ್ದ ತಗಡು ಸರಿಸಿ, "ನೋಡ್ಕಳಿ, ಯೇಸಪ್ಪನ್ನ ನಂಬದೋರು ಬರೋದು ಇಂಥಾ ಕಡೆಗೇನೇ, ಇದು ಆರೋದೇ ಇಲ್ಲ" ಅಂದೆ. ನೀನು ನನ್ನ ಪಂಚೆ ಹಿಡಿದುಕೊಂಡು, "ನಮ್ಮಪ್ಪ ನಂಬಲ್ವಲ್ಲ ದೊಡ್ಡಪ್ಪ" ಅಂದೆ. ಹಾಗಾದರೆ ನೀನು ಜಾಸ್ತಿ ಪ್ರಾರ್ಥನೆ ಮಾಡು ಎಂದುಬಿಟ್ಟೆ. ಏಳು ವರ್ಷದ ಕೂಸಿನ ತಲೆಯ ಮೇಲೆ ಅಪ್ಪನ ಭಾರ ಹೊರಿಸಿ, ಎಲ್ಲರಿಗೂ ಬೋಂಡ ಕೊಡಿಸಿ, ಪಾಠ ಚೆನ್ನಾಗಿ ಆಯಿತೆಂದು ಹೆಮ್ಮೆಯಿಂದ ಮನೆಗೆ ಹೋದವನು ನಾನು.

ನಿನ್ನಪ್ಪ ನಂಬಿದವನಲ್ಲ, ನಿಜ. ಆದರೆ ಸುನಂದ ಮತ್ತು ನಾನು ಕೆರೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ದಿನ ನಮ್ಮಿಬ್ಬರ ಒಣಬಟ್ಟೆ ಹಿಡಿದು ದಡದಲ್ಲಿ ನಿಂತಿದ್ದವನು ಅವನೇ. ಚರ್ಚಿನ ಸುಗ್ಗಿ ಹಬ್ಬಕ್ಕೆ ಪ್ರತಿ ವರ್ಷ ಒಂದು ಕ್ರೇಟು ಟೊಮೊಟೊ ತಂದು ಗೇಟಿನಲ್ಲಿ ಇಳಿಸುತ್ತಿದ್ದ, ಅದೂ ಹಣ್ಣು ಆರಿಸಿ. ಒಳಗೆ ಬಾರೋ ಅಂದರೆ, "ನಿಮ್ ದೇವ್ರಿಗೆ ನನ್ ಮೇಲೆ ಕೋಪ ಇರ್ಬೋದಣ್ಣ, ಟೊಮೊಟೊ ಮೇಲೆ ಇರಲ್ಲ, ತಗೊಂಡೋಗು" ಅನ್ನುತ್ತಿದ್ದ.

ಕೋಲಾರದ ಆಸ್ಪತ್ರೆಯಲ್ಲಿ, ಅವನ ಕೊನೆಗಾಲದ ಆ ಮಧ್ಯಾಹ್ನ ನೀನು ಫ್ಲಾಸ್ಕ್ ತೊಳೆಯಲು ಹೋಗಿದ್ದೆ. ನಾನು ಅವನ ಕೈ ಹಿಡಿದು, ಒಂದು ಸಲ ಬಾಯಿಬಿಟ್ಟು ಯೇಸುವೇ ಅನ್ನು, ಅಷ್ಟೇ ಸಾಕು ಎಂದು ಬೇಡಿಕೊಂಡೆ. ಅನ್ನದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದೆ. ಉಸಿರು ಸಾಲುತ್ತಿರಲಿಲ್ಲ, ಆದರೂ ಅವನ ಮುಖದಲ್ಲಿ ನಗುವಿತ್ತು. "ಅಣ್ಣಾ, ಅಮ್ಮ ಎಲ್ಲವ್ಳೆ?" ಎಂದು ಕೇಳಿದ. ನಮ್ಮಮ್ಮ ಮುನಿಶಾಮಮ್ಮ ಯೇಸುವಿನ ಹೆಸರು ನಮ್ಮ ಮನೆಗೆ ಬರುವ ಮೊದಲೇ ತೀರಿಕೊಂಡವಳು. ನಾನು ತಲೆ ತಗ್ಗಿಸಿದೆ. ಅವನಿಗೆ ಅದೇ ಉತ್ತರವಾಯಿತು.

"ಹಂಗಾದ್ರೆ ನಾನು ಅಮ್ಮನ ಜೊತೆಗಿರ್ತೀನಿ ಬಿಡು. ಪಾಪ, ಒಬ್ಳೇ ಇರ್ತಾಳೆ" ಅಂದ.

ತಿರುಗಿ ನೋಡಿದರೆ ಬಾಗಿಲಲ್ಲಿ ನೀನು ನಿಂತಿದ್ದೆ.

ಆಮೇಲೆ ನಾನು ಸುಮ್ಮನಿರಲಿಲ್ಲ ಮಗಳೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಕನ್ನಡ ಸತ್ಯವೇದವನ್ನೂ ತೆಲುಗು ಬೈಬಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನಮ್ಮ ಪಾಸ್ಟರನ್ನು ಕೇಳಿದೆ. ಅವರು ಒಳ್ಳೆಯವರು, ನೊಂದುಕೊಂಡೇ ಹೇಳಿದರು, ನಿತ್ಯವಾದ ದಂಡನೆ ಎಂದು ಕರ್ತನೇ ಹೇಳಿದ್ದಾನಲ್ಲ ಎಂದು. ಹೇಳಿದ್ದಾನೆ. ಆ ಮಾತನ್ನು ನಿನ್ನಿಂದ ಬಚ್ಚಿಡುವುದಿಲ್ಲ. ಮುಳಬಾಗಿಲಿಗೆ ಹೋಗಿ ಮುರಳಿಮೋಹನ್ ಮೇಷ್ಟ್ರನ್ನು ಕಂಡೆ. ಅವರೂ ನಮ್ಮ ಸಭೆಯವರೇ, ಬಹಳ ಓದಿದವರು. ಬೆಂಕಿಯ ಕೆರೆಗೆ ಸತ್ಯವೇದದಲ್ಲಿರುವ ಹೆಸರು ಎರಡನೆಯ ಮರಣ, ಮರಣ ಅಂದರೆ ಮರಣವೇ, ಕೊನೆಯಿಲ್ಲದ ಹಿಂಸೆಯಲ್ಲ, ದೀಪ ಆರಿದ ಹಾಗೆ ಮನುಷ್ಯ ಇಲ್ಲವಾಗುತ್ತಾನೆ ಅಷ್ಟೇ ಅಂದರು. ಅಲ್ಲಿ ಕೂತಿರುವಷ್ಟು ಹೊತ್ತು ಸಮಾಧಾನವಾಗಿತ್ತು, ಬಸ್ಸು ಹತ್ತಿದ ಮೇಲೆ ಅದೂ ಉಳಿಯಲಿಲ್ಲ. ಕದಿರೇಶ ಆರಿಹೋದ ಎಂದು ನಿನಗೆ ಹೇಗೆ ಬರೆಯಲಿ?

ಸತ್ಯವೇದದ ಕೊನೆಯಲ್ಲಿ ಆ ಬೆಂಕಿಯ ಕೆರೆಯ ಮಾತು ಬರುವ ಭಾಗವನ್ನು ಮತ್ತೆ ತೆಗೆದೆ. ಅಲ್ಲಿ ಮರಣವನ್ನೇ, ಪಾತಾಳವನ್ನೇ ಬೆಂಕಿಗೆ ಎಸೆಯುತ್ತಾರೆ. ಮರಣಕ್ಕೇ ಮರಣ. ಜೀವದ ಪಟ್ಟಿಯಲ್ಲಿ ಹೆಸರಿಲ್ಲದವರನ್ನೂ ಎಸೆಯುತ್ತಾರೆ ಎಂದಿದೆ. ಅಲ್ಲಿಗೇ ಮುಗಿದಿದ್ದರೆ ನಾನೂ ಪುಸ್ತಕ ಮುಚ್ಚುತ್ತಿದ್ದೆ. ಪುಟ ತಿರುಗಿಸಿದರೆ ಹೊಸ ಪಟ್ಟಣ ಬರುತ್ತದೆ, ಅದರ ಬಾಗಿಲುಗಳನ್ನು ಮುಚ್ಚುವುದೇ ಇಲ್ಲವಂತೆ. ಬರುವವರೆಲ್ಲ ಒಳಗೆ ಬಂದಾಗಿದ್ದರೆ, ಉಳಿದವರು ಸುಟ್ಟುಹೋಗಿದ್ದರೆ, ಆ ಬಾಗಿಲು ಯಾರಿಗೆಂದು ತೆರೆದಿದೆ?

ಮೂವತ್ತು ವರ್ಷ ಬೆಂಕಿಯ ಮುಂದೆ ಕೂತವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಇಟ್ಟಿಗೆಯನ್ನು ಇಲ್ಲವಾಗಿಸಲು ಯಾರೂ ಗೂಡು ಹಚ್ಚುವುದಿಲ್ಲ. ಅರೆಬೆಂದವನ್ನು ನಾವು ಬಿಸಾಡುತ್ತಿರಲಿಲ್ಲ, ಮುಂದಿನ ಗೂಡಿಗೆ ಸೇರಿಸುತ್ತಿದ್ದೆವು. ಬೆಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ದೇವರ ಬೆಂಕಿ ನನ್ನನ್ನೂ ಹಾಯಬೇಕು, ಮೊದಲು ನನ್ನ ನಾಲಿಗೆಯನ್ನು. ಆದರೆ ಅದನ್ನು ಹಚ್ಚಿದ್ದು ಯಾಕೆ ಎಂಬುದನ್ನು ನಿಮಗೆಲ್ಲ ತಪ್ಪು ಹೇಳಿಕೊಟ್ಟೆ.

ಪ್ರತಿ ಭಾನುವಾರ ಎದ್ದು ನಿಂತು ಹೇಳುತ್ತೇವಲ್ಲ, ಕರ್ತನು ಸತ್ತು ಪಾತಾಳಕ್ಕೆ ಇಳಿದನೆಂದು. ಇಷ್ಟು ವರ್ಷ ಬಾಯಿಪಾಠ ಒಪ್ಪಿಸಿದೆ, ಅಲ್ಲಿ ಅವನಿಗೇನು ಕೆಲಸ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಅಲ್ಲಿ ಯಾರೋ ಒಬ್ಬರೇ ಇದ್ದರು, ಅದಕ್ಕೆ ಹೋದ. ಆ ಮಧ್ಯಾಹ್ನ ನಿನ್ನಪ್ಪ ಹೇಳಿದ್ದೂ ಅದನ್ನೇ. ಸಾಯುವ ಹೊತ್ತಿಗೆ ಅವನು ಕರ್ತನ ಮಾತನ್ನೇ ಆಡಿದ, ನಾನು ಅದನ್ನು ಅಪನಂಬಿಕೆ ಅಂದುಕೊಂಡೆ. ಟೊಮೊಟೊ ಬೆಳೆಯುವ ಒಬ್ಬ ಮನುಷ್ಯನಿಗೆ ಅಷ್ಟು ಕರುಳಿದ್ದರೆ, ಅವನನ್ನು ಮಾಡಿದ ದೇವರಿಗೆ ಅದಕ್ಕಿಂತ ಕಡಿಮೆ ಇದ್ದೀತೇ?

ಅಂದು ಗೂಡಿಗೆ ಬಂದಿದ್ದ ಮಕ್ಕಳ ಮನೆಗಳಿಗೆ ಈಗ ಒಂದೊಂದಾಗಿ ಹೋಗುತ್ತಿದ್ದೇನೆ, ಹೇಳಿದ್ದು ತಪ್ಪೆಂದು ಹೇಳಲು. ನರೇಶ್ ನಕ್ಕುಬಿಟ್ಟ. "ನಂಗೆ ಬೋಂಡ ಒಂದೇ ಗ್ಯಾಪ್ಕ ಇರೋದು ಅಂಕಲ್, ನರಕ ಮರ್ತೇಹೋಯ್ತು" ಅಂದ. ಶ್ರೀನಿವಾಸಪುರಕ್ಕೆ ಮದುವೆಯಾಗಿ ಹೋದ ರಂಜಿತ ನಗಲಿಲ್ಲ. ನಂಬದೆಯೇ ತೀರಿಕೊಂಡ ತನ್ನ ತಾತನ ಹೆಸರು ಹೇಳಿ, ಅವರೂ ನರಕದಲ್ಲಿಲ್ವಾ ಎಂದು ಕೇಳಿದಳು. ಅವರೂ ಇಲ್ಲ ಎಂದೆ. ಅವಳು ಎದ್ದುಹೋಗಿ ಮುಖ ತೊಳೆದು ಬಂದು ನನಗೆ ಕಾಫಿ ಕೊಟ್ಟಳು.

ನಿನ್ನ ಮನೆಗೇ ಮೊದಲು ಬರಬೇಕಿತ್ತು, ಧೈರ್ಯವಾಗಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ಇಲ್ಲ. ನಾನು ಹೋಗಿ ನೋಡಿ ಬಂದು ಹೇಳುತ್ತಿರುವ ಮಾತಲ್ಲ ಇದು. ನಮ್ಮ ಸಭೆಯಲ್ಲಿ ಎಲ್ಲರೂ ಒಪ್ಪುವ ಮಾತೂ ಅಲ್ಲ. ಆದರೆ ಇದನ್ನು ನಂಬಿಕೊಂಡೇ ಸಾಯಲು ನಾನು ತಯಾರಿದ್ದೇನೆ. ಕದಿರೇಶ ಎಲ್ಲಿಗೆ ಹೋಗಿದ್ದರೂ, ಅವನಿಗಿಂತ ಮೊದಲು ಒಬ್ಬನು ಅಲ್ಲಿಗೆ ಹೋಗಿ ಅವನ ದಾರಿ ಕಾಯುತ್ತಿದ್ದ.

ಬರುವ ಭಾನುವಾರ ಬೆಳಗಿನ ರೈಲಿಗೆ ಮಾಲೂರಿಗೆ ಬರುತ್ತೇನೆ. ನಿನಗೆ ಮನಸ್ಸಾದರೆ ಇಬ್ಬರೂ ಆರಾಧನೆಗೆ ಹೋಗೋಣ. ಮನಸ್ಸಾಗದಿದ್ದರೆ ನಾನೂ ಹೋಗುವುದಿಲ್ಲ, ನಿಮ್ಮ ಮನೆಯ ಜಗಲಿಯ ಮೇಲೆ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ನಿನ್ನನ್ನು ಹೊರಗೆ ಬಿಟ್ಟು ನಾನೊಬ್ಬನೇ ಒಳಗೆ ನಿಂತು ಹಾಡುವುದು ಇನ್ನು ನನ್ನಿಂದಾಗದು.

ನಿನ್ನನ್ನೂ ಸುನಂದಳನ್ನೂ, ನಮಗಿಂತ ಮುಂದೆ ಹೋದ ತಾಯಿ ಮಗನನ್ನೂ ಕರ್ತನು ಕೈಬಿಡದೆ ಹಿಡಿದಿರಲಿ.

ನಿನ್ನ ಕ್ಷಮೆ ಕೇಳುತ್ತಾ,
ದೊಡ್ಡಪ್ಪ ಮುನಿರಾಮಪ್ಪ