ಯೀಸ್ಟ್ ಕೋಣೆಯ ಕೀಲಿ

ಮಾರ್ಚ್ ೭, ಶುಕ್ರವಾರ

ಪ್ರೀತಿಯ ತಂಗಿಗೆ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೋ, ಮುನಿಸಿಕೊಳ್ಳಬೇಡ. ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಖುಷಿಯಾಯಿತು. ಪೆನ್ನು ಹಿಡಿಯುವ ಮನಸ್ಸು ಮಾತ್ರ ಇರಲಿಲ್ಲ.

ಬಿಯರ್ ಕಾರ್ಖಾನೆಯಲ್ಲಿ ನಿನಗೇನು ಕೆಲಸ ಎಂದು ಯಾವಾಗಲೂ ಕೇಳುತ್ತೀಯಲ್ಲ, ಮೊಸರಿಗೆ ಹೆಪ್ಪು ಎತ್ತಿಡುವ ಕೆಲಸವೆಂದುಕೋ. ಬಿಯರ್ ಹುದುಗಿದ ಮೇಲೆ ತಳದಲ್ಲಿ ಕೆನೆಯಂತೆ ಯೀಸ್ಟ್ ಕೂರುತ್ತದೆ. ಅದನ್ನು ನನ್ನ ಕೋಣೆಯ ತಣ್ಣನೆಯ ಟ್ಯಾಂಕಿನಲ್ಲಿ ಕಾಪಾಡಿ, ಮುಂದಿನ ಬಿಯರಿಗೆ ಹಾಕಬೇಕು. ಅದು ಸುಸ್ತಾದಾಗ, ಫ್ರಿಜ್ಜಿನಲ್ಲಿಟ್ಟ ಮೂಲ ಯೀಸ್ಟಿನಿಂದ ಚೂರು ತೆಗೆದು ಸೀಸೆಯಲ್ಲಿ, ಆಮೇಲೆ ಕ್ಯಾನಿನಲ್ಲಿ, ಮಗು ಸಾಕಿದಂತೆ ಹೊಸದಾಗಿ ಬೆಳೆಸಬೇಕು. ಕೋಣೆಯ ಕೀಲಿ ನನ್ನ ಕೊರಳಲ್ಲೇ ಇರುತ್ತಿತ್ತು.

ಚಳಿ ಶುರುವಾಗುವ ಹೊತ್ತಿಗೆ ಬಿಯರ್ ಹುಳಿಯಾಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದುಂಡನೆಯ ಯೀಸ್ಟಿನ ನಡುವೆ ಕಡ್ಡಿಯಂಥ ಬ್ಯಾಕ್ಟೀರಿಯಾ. ಕೂಡಿಟ್ಟದ್ದನ್ನೆಲ್ಲ ಚೆಲ್ಲಿ ಹೊಸದಾಗಿ ಬೆಳೆಸಿದೆ. ಸೀಸೆಯಲ್ಲಿ ಶುದ್ಧವಾಗಿತ್ತು, ಕಣ್ಣಾರೆ ನೋಡಿದ್ದೆ. ಟ್ಯಾಂಕಿಗೆ ಇಳಿಸಿದ ಮೇಲೆ ಮತ್ತೆ ಅದೇ ಹುಳಿ. ಹಾಕಿದ ಬೀಗ ಹಾಕಿದಂತೇ ಇದೆ, ಒಳಗೆ ಯಾರೋ ಕೈಯಾಡಿಸಿದ್ದಾರೆ ಅನ್ನಿಸಿದರೆ ತಲೆ ಕೆಡುವುದಿಲ್ಲವೇ?

ನನ್ನ ಕಣ್ಣು ಬಿದ್ದದ್ದು ಶಿಳ್ಳೆಯ ಮೇಲೆ. ಟ್ಯಾಂಕು ತೊಳೆಯುವವನು, ಸದಾ ಶಿಳ್ಳೆ ಹಾಕುವುದರಿಂದ ಆ ಹೆಸರು. ಎದುರಾಳಿ ಕಾರ್ಖಾನೆ ಬಿಟ್ಟು ಬಂದವನು ಬೇರೆ. ಊಟಕ್ಕೆ ಹೋಗುವಾಗ ಬಾಗಿಲ ಸಂದಿಗೆ ದಾರದ ಎಳೆ ಸಿಕ್ಕಿಸಿ ಹೋಗತೊಡಗಿದೆ. ಒಂದು ದಿನ ಎಳೆ ನೆಲದ ಮೇಲಿತ್ತು. ನೇರ ಹೋಗಿ ಎಲ್ಲರೆದುರೇ ಕೇಳಿದೆ: "ನನ್ನ ಕೋಣೆಗೆ ಯಾಕೋ ನುಗ್ಗಿದ್ದೆ?"

"ನಾನ್ಯಾಕೆ ನುಗ್ಗಲಿ? ಕೀಲಿ ಇರೋದು ನಿಮ್ಮತ್ರ."

ಸುತ್ತ ನಿಂತವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಮರುದಿನ ಮಾಲೀಕರು ಕರೆದು, "ಸ್ವಲ್ಪ ದಿನ ಕೀಲಿ ನನ್ನ ಹತ್ರ ಇರ್ಲಿ, ಬೇಜಾರು ಮಾಡ್ಕೋಬೇಡಿ" ಅಂದರು. ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಲಿ? ನನ್ನ ಕೋಣೆಗೆ ನಾನೇ ಅಪ್ಪಣೆ ಕೇಳಿ ಹೋಗುವ ಗತಿ.

ಕೊನೆಗೆ ಫಿಟ್ಟರ್ ಟ್ಯಾಂಕಿನ ತಳದ ವಾಲ್ವನ್ನು ಪೂರ್ತಿ ಬಿಚ್ಚಿದ. ಒಳಗಿನ ರಬ್ಬರ್ ವಾಷರ್ ಸೀಳಿತ್ತು. ಸೀಳಿನಲ್ಲಿ ಹಳೆಯ ಕೊಳೆ ಕೂತು ನಾರುತ್ತಿತ್ತು, ಎಷ್ಟು ತೊಳೆದರೂ ಅಲ್ಲಿಗೆ ನೀರು ಮುಟ್ಟುತ್ತಿರಲಿಲ್ಲ. ಹಳೆಯದೋ ಹೊಸದೋ, ಯೀಸ್ಟೆಲ್ಲ ಕೆಡುತ್ತಿದ್ದುದು ಅಲ್ಲೇ. ಯಾರೂ ಏನೂ ಮಾಡಿರಲಿಲ್ಲ. ವಾಷರ್ ಬದಲಾಯಿಸಿ ಮತ್ತೆ ಬೆಳೆಸಿದೆ. ಈ ಸಲದ ಬಿಯರ್ ಚೆನ್ನಾಗಿದೆ, ಕೀಲಿಯೂ ವಾಪಸ್ ಬಂತು.

ಶಿಳ್ಳೆಯ ಹತ್ತಿರ ಹೋಗಿ "ತಪ್ಪಾಯ್ತಪ್ಪ" ಅಂದೆ.

"ಬಿಡಿ ಅಕ್ಕಾ, ನಾನೂ ನಿಮ್ಮನ್ನೇ ಅನುಮಾನಿಸ್ತಿದ್ದೆ. ಮಾಲೀಕರೂ ಅಷ್ಟೇ. ಅವತ್ತು ಅವ್ರೇ ಇನ್ನೊಂದು ಕೀಲೀಲಿ ಬಾಗ್ಲು ತೆಗೆದು ನಿಮ್ಮ ಕಪಾಟು ಹುಡುಕಿದ್ದು."

"ಅವರ ತಲೆಗೆ ಇದನ್ನ ಹಾಕಿದ್ಯಾರು?"

ಅವನು ನಲ್ಲಿ ತಿರುಗಿಸಿ ಜೋರಾಗಿ ನೀರು ಬಿಟ್ಟುಕೊಂಡ.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಮನೆಯಲ್ಲಿ ನಗು ಕಡಿಮೆಯಾಗದಿರಲಿ, ನಿನಗೆ ಕಣ್ತುಂಬ ನಿದ್ದೆ ಸಿಗಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಹೇಳದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ಮಾಲೀಕರನ್ನೇ ಕೇಳಿ ತಿಳಿದುಕೊಂಡೆ, ನನ್ನ ಮೇಲೆ ಅವರಿಗೆ ಅನುಮಾನ ಹುಟ್ಟಿಸಿದ್ದು ನಿನ್ನ ಭಾವ. ನಮ್ಮ ಕಾರ್ಖಾನೆಯಲ್ಲೇ ಬಾಟಲಿ ತುಂಬುವ ಕಡೆ ಮೇಲ್ವಿಚಾರಕರಲ್ಲವೇ, ಮಾತು ಹಾಕಲು ದೂರ ಹೋಗಬೇಕಿರಲಿಲ್ಲ. ಮನೆಯಲ್ಲಿ ಕೇಳಿದೆ. "ಹೌದು, ನಾನೇ ಹೇಳ್ದೆ. ನಿಂಗೆ ಈಚೆಗೆ ಮರೆವು ಜಾಸ್ತಿ. ನಿನ್ನ ಒಳ್ಳೇದಕ್ಕೇ" ಎಂದರು, ಚಪ್ಪಲಿ ಕಳಚುತ್ತಾ. ಹೊಸ ಯೀಸ್ಟ್ ಬೆಳೆಸುವಾಗ ದಿನಾ "ಹೇಗಿದೆ ನಿನ್ನ ಕೂಸು?" ಎಂದು ವಿಚಾರಿಸುತ್ತಿದ್ದರು. ಎಷ್ಟು ಅಕ್ಕರೆ ಎಂದುಕೊಂಡಿದ್ದೆ. ನಿನ್ನೆ ತಟ್ಟೆಯ ಮುಂದೆ ಕೂತು, "ಉಪ್ಪು ಹಾಕೋದೇ ಮರ್ತಿದ್ದೀಯಲ್ಲೇ" ಎಂದು ನಕ್ಕರು. ನಾನೂ ನಕ್ಕೆ. ಇದನ್ನು ನಾಳೆ ಯಾರ ಕಿವಿಗೆ ಹಾಕುತ್ತಾರೋ ಎಂದು ಅವರು ಊಟ ಮುಗಿಸುವವರೆಗೂ ಅವರ ಮುಖವನ್ನೇ ನೋಡುತ್ತ ಕೂತಿದ್ದೆ.