ಕಾಯಿಸಿದ ನೀರು

ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಗುಬ್ಬೀ,

ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕಬೇಡ. ಫೋನು ಮಾಡಿದರೆ ಅದು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಗುತ್ತದೆ. ಕಾಗದವಾದರೆ ಮೇಜಿನ ಮೇಲೆ ಬಿದ್ದಿರುತ್ತದೆ, ಕೋಪ ಇಳಿದ ದಿನ ಓದಬಹುದು. ನೀನು ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ನಿದ್ದೆ ಕೆಡಬೇಡ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹೊಳೆಯ ದಂಡೆ ಇಳಿದು ಹತ್ತಿದಾಗಲೆಲ್ಲ ನನ್ನ ವಯಸ್ಸನ್ನು ನೆನಪಿಸುತ್ತದೆ. ಕೋಣೆ ಚಿಕ್ಕದು. ಒಂದು ಮಂಚ, ಒಂದು ಮೇಜು, ಅಂಗಳದ ಬಾವಿಯ ಕಡೆಗೆ ಒಂದು ಕಿಟಕಿ. ಮೂಲೆಯಲ್ಲಿ ಸ್ಯಾಂಪಲ್ ಬಾಟಲಿಗಳನ್ನು ತಣ್ಣಗೆ ಇಡುವ ಐಸ್ ಪೆಟ್ಟಿಗೆ. ಅದರ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತೇನೆ. ಒಬ್ಬಳಿಗೇ ಅಂತ ಮೇಜು ಒರೆಸುವುದಕ್ಕೆ ಬೇಜಾರು. ನಿಮ್ಮಪ್ಪ ಇದ್ದಿದ್ದರೆ ನಕ್ಕಿರುತ್ತಿದ್ದರು.

ಅವರು ತೀರಿಕೊಂಡ ಮೇಲೆ "ನಮ್ಮ ಮನೆಗೆ ಬಂದಿರು" ಎಂದು ನೀನು ಕರೆದೆ. ನಾನು ಈ ಊರಿನ ಬಾವಿಗಳನ್ನೂ ಹೊಳೆಯನ್ನೂ ಒಂದು ವರ್ಷ ಪರೀಕ್ಷೆ ಮಾಡುವ ಕೆಲಸ ಒಪ್ಪಿಕೊಂಡೆ. "ನಿನಗೆ ನಾವು ಬೇಡ, ಬಾಟಲಿಗಳೇ ಬೇಕು" ಎಂದು ನೀನು ಫೋನಿಟ್ಟದ್ದು ಇನ್ನೂ ಕಿವಿಯಲ್ಲಿದೆ. ಅದರ ಬಗ್ಗೆ ವಾದ ಮಾಡಲು ಬರೆಯುತ್ತಿಲ್ಲ. ಯಾರ ಮನೆಯಲ್ಲೂ ಹೊತ್ತು ಕಳೆಯುತ್ತ ಕೂರುವುದು ಆಗ ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಇಲ್ಲಿ ಬೆಳಿಗ್ಗೆ ಎದ್ದರೆ ಹೋಗುವುದಕ್ಕೆ ಒಂದು ಬಾವಿಯಾದರೂ ಇತ್ತು.

ಇವತ್ತು ಹೇಳಬೇಕಾಗಿರುವುದು ಈ ಅಂಗಳದ ಬಾವಿಯ ವಿಷಯ. ಬೇರೆ ಯಾರಿಗೆ ಹೇಳಲಿ?

ಮನೆಯೊಡತಿಯನ್ನು ಬೀದಿಯವರೆಲ್ಲ ಬಾವಿ ಅಜ್ಜಿ ಅನ್ನುತ್ತಾರೆ. ಗಂಡನಿಲ್ಲ, ಮಕ್ಕಳಾಗಲಿಲ್ಲ. ನಡುಬೆನ್ನು ಬಾಗಿದೆ, ನಾಲಿಗೆ ಮಾತ್ರ ಇನ್ನೂ ನೆಟ್ಟಗಿದೆ. ಬೀದಿಯ ಅರ್ಧ ಜನ ಕುಡಿಯುವ ನೀರಿಗೆ ಅವರ ಬಾವಿಗೇ ಬರುತ್ತಿದ್ದರು. ಬೀದಿ ಕೊನೆಯ ನಲ್ಲಿಯಲ್ಲಿ ಹೊಳೆಯ ನೀರನ್ನು ಶುದ್ಧ ಮಾಡಿ ಬಿಡುತ್ತಾರೆ, ಆದರೆ ಅದಕ್ಕೆ ಔಷಧಿ ವಾಸನೆ ಎಂದು ಯಾರಿಗೂ ಮನಸ್ಸಿಲ್ಲ. ಬೆಳಗಾದರೆ ರಾಟೆಯ ಕಿರುಗುಟ್ಟುವಿಕೆ, ಕೊಡಗಳ ಸದ್ದು, ಯಾರ ಮನೆಯಲ್ಲಿ ಏನಾಯಿತು ಎಂಬ ಮಾತು. ಅಜ್ಜಿ ಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತು ಎಲ್ಲರನ್ನೂ ವಿಚಾರಿಸುತ್ತಿದ್ದರು, ಎಲ್ಲರಿಗೂ ಬೈಯುತ್ತಿದ್ದರು. ನನಗೆ ಅವರಿಟ್ಟ ಹೆಸರು ನೀರಮ್ಮ. ಮೊದಮೊದಲು ಕಿಟಕಿಯಿಂದ ಕೇಳುತ್ತಿದ್ದವಳು ಆಮೇಲಾಮೇಲೆ ಚಹಾದ ಲೋಟ ಹಿಡಿದು ಹೊರಗೆ ಹೋಗಿ ನಿಲ್ಲತೊಡಗಿದೆ. ಇಡೀ ದಿನದಲ್ಲಿ ಯಾರಾದರೂ ನನ್ನ ಮುಖ ನೋಡಿ ಮಾತಾಡಿಸುತ್ತಿದ್ದ ಹೊತ್ತು ಅದೊಂದೇ.

ಅವರ ಬಾವಿ ನನ್ನ ಪಟ್ಟಿಯಲ್ಲಿರಲಿಲ್ಲ. ಅಜ್ಜಿಯೇ ಒಂದು ದಿನ ಜಗಳ ತೆಗೆದರು.

"ಊರಲ್ಲಿರೋ ಕೊಳಕು ಬಾವಿಗೆಲ್ಲ ಬಾಟ್ಲಿ ಹಿಡೀತೀಯ. ನನ್ನ ಬಾವಿ ನಿಂಗೇನು ಅನ್ಯಾಯ ಮಾಡಿದೆ?"

"ಇದು ಖಾಸಗಿ ಬಾವಿ ಅಲ್ವಾ ಅಜ್ಜಿ."

"ಖಾಸಗಿ ಅಂತೆ! ಬೀದಿಗೆ ಬೀದಿನೇ ಕುಡೀತಿದೆ. ಒಂದು ಸರ್ಟಿಫಿಕೇಟು ಮಾಡಿಸಿಕೊಡು, ಗಾಜು ಹಾಕ್ಸಿ ಗೋಡೆಗೆ ನೇತುಹಾಕ್ತೀನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರೇ ಸೇದಿಕೊಟ್ಟ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ತುಂಬಿಸಿ, ಚೀಟಿ ಅಂಟಿಸಿದೆ. ಬಿಸಿಲಿಗೆ ಹಿಡಿದರೆ ಒಂದು ಕಣ ಮಣ್ಣಿಲ್ಲ, ಗಾಜಿನ ಹಾಗಿತ್ತು. ಅದೇ ದಿನ ಹೊಳೆಯಿಂದ ತಂದ ಬಾಟಲಿ ಪಕ್ಕದಲ್ಲಿ ಕೆಸರು ಕೆಸರಾಗಿ ನಿಂತಿತ್ತು.

ಆಫೀಸಿನ ಹಿಂದಿನ ಕೋಣೆಯೇ ನಮ್ಮ ಪ್ರಯೋಗಾಲಯ. ನೀರಿಗೆ ಒಂದು ಪುಡಿ ಹಾಕಿ ಕುಲುಕಿದರೆ ಅದರಲ್ಲಿ ನೈಟ್ರೇಟ್ ಇದ್ದಷ್ಟೂ ಬಣ್ಣ ಗಾಢವಾಗುತ್ತದೆ. ಹೊಳೆಯ ನೀರು ತೆಳು ಗುಲಾಬಿಗೆ ತಿರುಗಿ ನಿಂತಿತು. ಅಜ್ಜಿಯ ನೀರು ನೋಡನೋಡುತ್ತಲೇ ಕಡುಗೆಂಪಾಯಿತು. ಉಪಕರಣದ ಅಳತೆಯನ್ನೇ ದಾಟಿತ್ತು. ನನ್ನ ಕೈತಪ್ಪೇ ಇರಬೇಕೆಂದು ಬಾಟಲಿ, ಪುಡಿ ಎಲ್ಲ ಬದಲಿಸಿದೆ. ನೀರನ್ನು ತೆಳು ಮಾಡಿ ಮತ್ತೆ ನೋಡಿದೆ. ಒಂದು ಲೀಟರಿಗೆ ನಲವತ್ತೈದು ಮಿಲಿಗ್ರಾಮು ದಾಟಬಾರದು. ಇದು ನೂರರ ಮೇಲಿತ್ತು.

ನೈಟ್ರೇಟಿಗೆ ರುಚಿಯಿಲ್ಲ, ವಾಸನೆಯಿಲ್ಲ. ಹೊಲದ ಗೊಬ್ಬರದಿಂದ ಬರುತ್ತದೆ, ಇಲ್ಲವೇ ಶೌಚದ ಗುಂಡಿಗಳಿಂದ. ಇಲ್ಲಿ ಹೊಲವಿಲ್ಲ. ಬಾವಿಗಿಂತ ಎತ್ತರದ ಜಾಗದಲ್ಲಿ ಅಜ್ಜಿ ಬಾಡಿಗೆಗೆಂದು ಕಟ್ಟಿಸಿದ ಕೋಣೆಗಳ ಸಾಲಿದೆ. ಅವುಗಳ ಗುಂಡಿಗಳಿಗೆ ತಳವಿಲ್ಲ, ಎಲ್ಲ ನೆಲಕ್ಕೇ ಇಂಗುತ್ತದೆ. ಆ ಸಾಲಿನ ಕೊನೆಯ ಕೋಣೆ ನನ್ನದು. ನೀರು ಕೆಡಿಸಿದವರು ಯಾರೆಂದು ಹುಡುಕುತ್ತ ಹೊರಟ ನಾನು ನನ್ನ ಬಾಗಿಲಿಗೇ ಬಂದು ನಿಂತಿದ್ದೆ.

ದೊಡ್ಡವರಿಗೆ ಇದರಿಂದ ತಕ್ಷಣ ಏನೂ ಆಗುವುದಿಲ್ಲ. ತೊಂದರೆ ಆರು ತಿಂಗಳೊಳಗಿನ ಕೂಸುಗಳಿಗೆ. ರಕ್ತ ಉಸಿರನ್ನು ಹೊರುವುದನ್ನೇ ಮರೆತುಬಿಡುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಬಟ್ಟೆ ಹೊಲಿಯುವ ಹುಡುಗಿಯೊಬ್ಬಳಿದ್ದಾಳೆ. ಅವಳ ಗಂಡ ದೂರದೂರಿಗೆ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದೇ ಅಪರೂಪ. ಅವಳಿಗೊಂದು ಎಳೆಗೂಸು. ಎದೆಹಾಲು ಸಾಲದೆ ಪುಡಿಹಾಲು ಕಲಸಿ ಕೊಡುತ್ತಿದ್ದಳು.

ನಮ್ಮ ಅಧಿಕಾರಿಗೆ ಹೇಳಿದೆ. ಅವರು ನನಗಿಂತ ಚಿಕ್ಕವರು, ಕೆಟ್ಟವರೇನಲ್ಲ.

"ಮೇಡಂ, ಒಂದು ಸ್ಯಾಂಪಲ್ ನೋಡಿ ಊರನ್ನ ಹೆದರಿಸೋದು ಬೇಡ. ಮುಂದಿನ ತಿಂಗಳು ಇನ್ನೊಂದು ಸಲ ತೆಗೀರಿ. ಎರಡೂ ಒಂದೇ ಬಂದ್ರೆ ಆಫೀಸಿಂದ ಬರೆದು ತಿಳಿಸೋಣ" ಅಂದರು.

ಅವರು ಹೇಳಿದ್ದು ನಿಯಮ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ನಾನೇ ಕಲಿಸಿಕೊಟ್ಟ ನಿಯಮ. ಆದರೂ ಅವತ್ತು ಕೈಚೀಲ ಎತ್ತಿಕೊಂಡು ನೇರವಾಗಿ ಆ ಹುಡುಗಿಯ ಮನೆಗೆ ಹೋದೆ. ಯಾಕೆ ಅಂತ ಅವರೂ ಆಮೇಲೆ ಕೇಳಿದರು. ಮನಸ್ಸು ತಡೆಯಲಿಲ್ಲ ಅಂದೆ.

ಅವಳು ಒಲೆಯ ಮುಂದೆಯೇ ಇದ್ದಳು. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಬಾವಿಯ ನೀರನ್ನು ಕೂಸಿಗೆ ಕೊಡಬೇಡಮ್ಮ ಎಂದೆ.

"ಹಂಗೇ ಕೊಡಲ್ಲ ಅಕ್ಕಾ, ಚೆನ್ನಾಗಿ ಕಾಯಿಸ್ತೀನಿ. ಎರಡು ದಿನದಿಂದ ಮಗು ಮಂಕಾಗಿದೆ, ಅದಕ್ಕೆ ಇನ್ನೂ ಜಾಸ್ತಿ ಹೊತ್ತು ಕಾಯಿಸ್ತಿದೀನಿ. ಪಾತ್ರೆ ಅರ್ಧ ಆಗೋ ತನಕ."

ಗುಬ್ಬಿ, ಇದನ್ನು ಹೇಗೆ ಹೇಳಬೇಕಿತ್ತು ಹೇಳು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಅರ್ಧಕ್ಕೆ ಇಳಿಸಿದರೆ ಎರಡರಷ್ಟಾಗುತ್ತದೆ. ಅವಳು ಎಚ್ಚರ ವಹಿಸಿದಷ್ಟೂ ಕೂಸಿಗೆ ಕೆಡುಕಾಗುತ್ತಿತ್ತು. ನಾನು ಒಲೆ ಆರಿಸಿ, ಆದಷ್ಟು ಮೆಲ್ಲಗೆ ಹೇಳಿದೆ. ಅವಳು ಪಾತ್ರೆಯನ್ನೇ ನೋಡುತ್ತ ನಿಂತಳು.

"ಹಂಗಾದ್ರೆ ನಾನೇ ಕೊಟ್ನಾ ಅಕ್ಕಾ?" ಅಂದಳು.

ಅಲ್ಲ ಎಂದೆ. ಮತ್ತೆ ಮತ್ತೆ ಅಲ್ಲ ಎಂದೆ. ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡರೆ ತುಟಿಯ ಸುತ್ತ ಬೂದಿ ಬಣ್ಣ. ಮಳೆಯ ಥಂಡಿಗೆ ಹಾಗಾಗಿದೆ ಎಂದುಕೊಂಡಿದ್ದಳಂತೆ. ಬಾಡಿಗೆ ಕಾರು ಹಿಡಿದು ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಕೂಸು ನನ್ನ ತೊಡೆಯ ಮೇಲೇ ಇತ್ತು. ಅಳುತ್ತಿರಲಿಲ್ಲ, ಅದೇ ಭಯ. ಅಳು ಮರೀ ಅಳು, ಎಂದು ಕಾಲು ತಿಕ್ಕುತ್ತಿದ್ದೆ.

ಡಾಕ್ಟರಿಗೆ ನನ್ನ ಅಂಕಿ ಹೇಳಿದೆ. ರಕ್ತ ತೆಗೆದರೆ ಅದು ಕೆಂಪಗಿರಲಿಲ್ಲ, ಚಾಕಲೇಟಿನ ಬಣ್ಣ. ಆಮ್ಲಜನಕ ಕೊಟ್ಟು, ನರಕ್ಕೆ ಒಂದು ಔಷಧಿ ಬಿಟ್ಟರು. ಸ್ವಲ್ಪ ಹೊತ್ತಿಗೆಲ್ಲ ತುಟಿಗೆ ಬಣ್ಣ ಬಂತು. ಆಮೇಲೆ ಆ ಕೂಸು ಆಸ್ಪತ್ರೆಗೆ ಆಸ್ಪತ್ರೆಯೇ ಬೆಚ್ಚುವ ಹಾಗೆ ಅತ್ತಿತು ನೋಡು! ಅವಳಮ್ಮನೂ ಅತ್ತಳು. ನಾನು ಕೈತೊಳೆಯುವ ನೆಪದಲ್ಲಿ ಆಚೆ ಹೋದೆ. ಈಗ ಕೂಸು ದುಂಡಗಾಗಿದೆ, ನಲ್ಲಿಯ ನೀರಿನಲ್ಲೇ ಹಾಲು ಕಲಸುತ್ತಾಳೆ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ರಾಟೆಯ ಸದ್ದಿಲ್ಲ. ಆಸ್ಪತ್ರೆಯಿಂದ ಬಂದವಳು ನಾನು ಕೂಸಿರುವ ಮನೆಗಳಿಗಷ್ಟೇ ಎಚ್ಚರಿಕೆ ಹೇಳಿದ್ದೆ, ಬೀದಿಯಲ್ಲಿ ಅದು ವಿಷವೆಂದೇ ಹಬ್ಬಿತ್ತು. ಎಲ್ಲರೂ ನಲ್ಲಿಯ ಮುಂದೆ ಸಾಲು ನಿಂತರು. ಅಜ್ಜಿ ತಮ್ಮ ಕಲ್ಲಿನ ಮೇಲೆ ಕೂತು ಗೇಟಿನ ಕಡೆ ನೋಡುತ್ತಿದ್ದರು. ಹೊತ್ತೇರಿದ ಮೇಲೆ ಎದ್ದು ಒಳಗೆ ಹೋದರು. ನಾನು ವಿವರಿಸಲು ಹೋದರೆ ಕೇಳಲೇ ಇಲ್ಲ.

"ನೀನು ಬರೋ ತನಕ ನೀರು ಚೆನ್ನಾಗೇ ಇತ್ತು" ಅಂದು ಬಾಗಿಲು ಹಾಕಿಕೊಂಡರು.

ನನ್ನೊಡನೆ ಮಾತಾಡುತ್ತಿದ್ದ ಒಂದೇ ಜೀವ ಅದು. ಅವರ ಅಂಗಳಕ್ಕೆ ಬರುತ್ತಿದ್ದ ಊರನ್ನು ನಾನೇ ಓಡಿಸಿದ್ದೆ. ಸರಿಯಾದದ್ದನ್ನೇ ಮಾಡಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದರೆ ಮನಸ್ಸು ಹಗುರಾಗಬೇಕಲ್ಲ, ಆಗಲಿಲ್ಲ. ಸಂಜೆ ಕೆಲಸದಿಂದ ಬಂದು ಬೀಗ ತೆಗೆಯುವಾಗ ಬೇಕೆಂದೇ ಸದ್ದು ಮಾಡುತ್ತಿದ್ದೆ. ಅವರ ಕಿಟಕಿ ತೆರೆಯುತ್ತಿರಲಿಲ್ಲ. ಆ ದಿನಗಳಲ್ಲಿ ನಿಮ್ಮಪ್ಪನ ಹಳೆಯ ಕನ್ನಡಕವನ್ನು ಮೇಜಿನ ಮೇಲೆ ತೆಗೆದಿಟ್ಟು ಅದರ ಜೊತೆ ಮಾತಾಡಿದ್ದೂ ಉಂಟು. ಇದನ್ನು ಯಾರಿಗೂ ಹೇಳಬೇಡ.

ಆಮೇಲೆ ಒಂದು ಬೆಳಿಗ್ಗೆ ಅಜ್ಜಿ ಕೊಡ ಹಿಡಿದು ನಲ್ಲಿಯ ಕಡೆ ಹೊರಟಿದ್ದು ಕಂಡಿತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಗೋಡೆ ಹಿಡಿಯುತ್ತಿದ್ದರು. ಹೋಗಿ ಕೊಡ ಇಸಿದುಕೊಂಡೆ. ಅವರು ಗೋಡೆ ಹಿಡಿದುಕೊಂಡು ಮನೆಗೆ ತಿರುಗಿದರು. ತುಂಬಿಸಿ ತಂದು ಅವರ ಅಡುಗೆಮನೆಯಲ್ಲಿಟ್ಟು ತಿರುಗುವಷ್ಟರಲ್ಲಿ ಕೇಳಿದರು:

"ಆ ಕೂಸು ಹೇಗಿದೆ?"

"ಚೆನ್ನಾಗಿದೆ ಅಜ್ಜಿ."

"ನಾನೇ ಹೇಳಿದ್ದೆ ಕಣೆ ಅವಳಿಗೆ, ನಮ್ಮ ನೀರೇ ಹಾಕು, ಕೂಸು ಗಟ್ಟಿ ಆಗತ್ತೆ ಅಂತ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಇದು ಮತ್ತೆ ಸರಿ ಆಗೋದು ಯಾವಾಗ?" ಅಂದರು.

ಸುಳ್ಳು ಹೇಳಬಹುದಿತ್ತು. ನೆಲದೊಳಗಿನ ನೀರು ಹೊಳೆಯ ಹಾಗೆ ಓಡುವುದಿಲ್ಲ, ತೆವಳುತ್ತದೆ. ಗುಂಡಿಗಳನ್ನು ಇವತ್ತೇ ಮುಚ್ಚಿಸಿ ತಳವಿರುವ ತೊಟ್ಟಿ ಕಟ್ಟಿಸಿದರೂ ಹತ್ತು ಹನ್ನೆರಡು ವರ್ಷ ಬೇಕಾಗಬಹುದು ಎಂದೆ.

"ಅಷ್ಟರೊಳಗೆ ನಾನೂ ನೆಲದೊಳಗೇ ಇರ್ತೀನಲ್ಲ. ಕೆಳಗಿಂದಲೇ ನೋಡಿ ಹೇಳ್ತೀನಿ ಬಿಡು" ಅಂದು ಅವರೇ ನಕ್ಕರು. ನನಗೆ ನಗು ಬರಲಿಲ್ಲ.

ಆದರೂ ತಳವಿರುವ ತೊಟ್ಟಿಗೆಂದು ನೆಲ ತೋಡಿಸುವ ಕೆಲಸ ಶುರು ಮಾಡಿಸಿದ್ದಾರೆ. ಆಫೀಸಿನಿಂದ ನನಗೊಂದು ಕಟುವಾದ ಕಾಗದ ಬಂತು. ಅದರ ಹಿಂದೆಯೇ ಬೀದಿಯ ಎಲ್ಲ ಖಾಸಗಿ ಬಾವಿಗಳನ್ನೂ ಪರೀಕ್ಷಿಸಿ ಎಂಬ ಆದೇಶವೂ ಬಂತು. ಬೆಳಿಗ್ಗೆ ಎರಡು ಕೊಡ ತಂದುಕೊಟ್ಟು ಅಜ್ಜಿಯ ಜೊತೆ ಚಹಾ ಕುಡಿಯುತ್ತೇನೆ. ಜನ ಮಾತ್ರ ಬರುವುದಿಲ್ಲ. ಪಾತ್ರೆ ಬಟ್ಟೆಗೆ ಈ ನೀರು ಧಾರಾಳವಾಗಿ ಆಗುತ್ತದೆ ಎಂದು ನಾನು ಮನೆಮನೆಗೆ ಹೇಳಿ ಬಂದೆ. ಹೊಲಿಗೆಯ ಹುಡುಗಿ ಒಬ್ಬಳೇ ಬಂದಳು, ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಬಟ್ಟೆ ಒಗೆದುಕೊಂಡು ಹೋದಳು. ಉಳಿದ ದಿನ ನಾವಿಬ್ಬರೇ ಕೂತು ಗೇಟು ನೋಡುತ್ತೇವೆ. ಮಾತು ಬೇಗ ಮುಗಿಯುತ್ತದೆ.

ನನ್ನ ಕೆಲಸ ಮಾರ್ಚಿಗೆ ಮುಗಿಯುತ್ತದೆ. ಆಮೇಲೆ ಎಲ್ಲಿ ಎಂದು ಯೋಚಿಸಿಲ್ಲ. ಮೊನ್ನೆ ಅಜ್ಜಿ, "ನಿನಗೆ ಯಾರೂ ಇಲ್ವೇನೆ?" ಎಂದು ಕೇಳಿದರು. ಇದ್ದಾಳೆ, ಮಗಳಿದ್ದಾಳೆ, ಎಂದೆ. "ಮತ್ತೆ ಒಂದು ದಿನಕ್ಕೂ ಬಂದಿಲ್ಲ?" ಎಂದರು. ಅವಳಿಗೆ ಕೆಲಸ ಬಹಳ ಎಂದು ಎದ್ದು ಬಂದೆ.

ಉತ್ತರ ಬರೆಯಲೇಬೇಕು ಅಂತಿಲ್ಲ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಚಳಿ ಶುರುವಾಗಿದೆ, ತಲೆಗೆ ಬೆಚ್ಚಗೆ ಕಟ್ಟಿಕೋ.

ನಿನ್ನನ್ನು ದಿನವೂ ನೆನೆಯುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಇದನ್ನು ಮುಚ್ಚಿಟ್ಟು ಕಾಗದ ಹಾಕಲು ಮನಸ್ಸು ಒಪ್ಪಲಿಲ್ಲ. ಆ ಬಣ್ಣ ಕಡುಗೆಂಪಾದ ದಿನಕ್ಕೆ ಸ್ವಲ್ಪ ಮುಂಚೆ ಅಳಿಯಂದಿರು ಫೋನು ಮಾಡಿದ್ದರು. ನಿನಗೆ ಹೆಣ್ಣುಮಗುವಾಗಿದೆ ಎಂದು ಹೇಳಿದರು. ಅವರಿಗೆ ಬೈಯಬೇಡ. ಬಂದಿರು ಎಂದು ನೀನು ಅಷ್ಟು ಹಟ ಹಿಡಿದದ್ದು ಯಾಕೆಂದು ನನಗೆ ಆಗಲೇ ಅರ್ಥವಾದದ್ದು. ಮಗು ಯಾರ ಹಾಗಿದೆ, ರಾತ್ರಿ ಮಲಗುತ್ತದಾ, ಎಲ್ಲ ಕೇಳಿದೆ, ಎಲ್ಲದಕ್ಕೂ ಹೇಳಿದರು. ಏನು ಹೆಸರಿಟ್ಟಿರಿ ಎಂದಾಗ ಮಾತ್ರ ತಡೆದು, "ಅದನ್ನ ಅವಳೇ ಹೇಳ್ಬೇಕು ಅತ್ತೆ" ಅಂದರು. ಒಂದು ಕಾರ್ಡಿನಲ್ಲಿ ಬರೀ ಆ ಹೆಸರು ಬರೆದು ಕಳಿಸು, ಗುಬ್ಬಿ. ಬೇರೇನೂ ಬರೆಯುವುದು ಬೇಡ.