ನನ್ನ ಹೆಸರಿನ ಎರಡು ಒತ್ತು

12 ಜನವರಿ 2004, ಬೆಳಿಗ್ಗೆ 7
ಜೀವನ್ ಬಿಮಾ ನಗರದ ಸಮಸ್ತ ಮಹಾಜನರಿಗೆ ಈ ಮೂಲಕ ಪ್ರಕಟಿಸುವುದೇನೆಂದರೆ — ಇಂದು ರವಿಕೆಯ ಮೂರು ಹುಕ್ಕುಗಳನ್ನು ಸ್ವಂತ ಬಲದಿಂದ ಹಾಕಿಕೊಂಡಿದ್ದೇನೆ. ನಾಲ್ಕನೆಯದು ಮುಷ್ಕರ ಹೂಡಿದೆ. ಬಲಗೈ ಬೆರಳು ಜೋಮು ಹಿಡಿದು ಹದಿನೈದು ದಿನ. ಸಂಧಾನಕ್ಕೆ ಯಜಮಾನರನ್ನು ಕರೆದೆ.
"ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಈ ಪ್ರಮೋಷನ್ನಾ?" ಅಂದರು ಹಯಗ್ರೀವ. ನಗು ಅರ್ಧಕ್ಕೇ ನಿಂತಿತು. ತೊಂಬತ್ತೇಳರಲ್ಲಿ ತೆಗೆಸಿದ ಎದೆಯ ಗಂಟು ನೆನಪಾಗಿರಬೇಕು. ನನಗೂ.

19 ಜನವರಿ
ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಕಂಡವರ ಸಹಿ ಪರೀಕ್ಷಿಸಿ 'ತಾಳೆಯಾಗುತ್ತಿಲ್ಲ' ಎಂದು ವಾಪಸು ಕಳಿಸಿದವಳು ನಾನು. ಇಂದು ನನ್ನದೇ ರಜೆ ಅರ್ಜಿ ವಾಪಸು. ಪಕ್ಕದ ಟೇಬಲ್ಲಿನ ಅಜ್ಮತ್ ಹಿಡಿದು ತಂದ.
"ಮೇಡಂ, ಇದ್ಯಾರು 'ಅಮಣಿ'? ಅಮ್ಮಣ್ಣಿಯ ಒತ್ತು ಎರಡೂ ಎಲ್ಹೋದ್ವು?"
"ಅವೂ ರಜೆ ಹಾಕಿವೆ ಕಣಪ್ಪ."
ನಕ್ಕ. ನನ್ನ ಕೈ ನೋಡಿ ಅರ್ಜಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.
ಸಹಿ ಬಾರದವಳು ಸಹಿ ನೋಡುವ ಸೀಟಿನಲ್ಲಿ ಎಷ್ಟು ದಿನ…

3 ಫೆಬ್ರವರಿ
ಇಂದಿರಾನಗರದ ಆಸ್ಪತ್ರೆ. ಸ್ಕ್ಯಾನ್ ರಿಪೋರ್ಟ್ ಬಂತು. ಗಂಟಿಲ್ಲ. ಹಯಗ್ರೀವ ಡಾಕ್ಟರಿಗೆ ಕೈ ಮುಗಿದೇಬಿಟ್ಟರು.
"ಕಾಯಿಲೆ ವಾಪಸ್ ಬಂದಿಲ್ಲಮ್ಮ. ಆಗ ಕೊಟ್ಟ ರೇಡಿಯೇಷನ್ನಿಂದ ಕಂಕುಳ ಹತ್ರದ ನರಗಳು ಡ್ಯಾಮೇಜ್ ಆಗಿವೆ."
"ಆ ಕರೆಂಟ್ ನಿಲ್ಲಿಸಿ ಏಳು ವರ್ಷ ಆಯ್ತಲ್ಲ ಡಾಕ್ಟ್ರೇ?"
"ತಡವಾಗೂ ಬರುತ್ತೆ."
"ಕೈ ಸರಿಹೋಗುತ್ತಾ?"
"ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ."
ಸಂತೋಷಪಡಬೇಕಾದ ದಿನ. ಆಟೋದಲ್ಲಿ ಇಬ್ಬರೂ ಸಂತೋಷವಾಗಿಯೇ ಕೂತಿದ್ದೆವು. ಮನೆ ಬರುವವರೆಗೆ ಅವರು ನನ್ನ ಬಲಗೈ ಬೆರಳು ತಿಕ್ಕುತ್ತಲೇ ಇದ್ದರು.

21 ಜೂನ್
ಆಫೀಸಿನ ಕಡತದಲ್ಲಿರುವ ನನ್ನ ಮಾದರಿ ಸಹಿ ಬದಲಿಸಬೇಕಂತೆ. ಒಂದೇ ಥರದ ಮೂರು ಸಹಿ. ಆಗದಿದ್ದರೆ ಟಪಾಲು ವಿಭಾಗಕ್ಕೆ ವರ್ಗ.
ಅಜ್ಮತ್ ಇಂಕ್ ಪ್ಯಾಡ್ ತಳ್ಳಿದ. "ಹೆಬ್ಬೆಟ್ಟು ಒತ್ಬಿಡಿ ಮೇಡಂ. ನಾನು ಸಾಹೇಬ್ರನ್ನ ಒಪ್ಪಿಸ್ತೀನಿ."
"ನನ್ನ ಹೆಸ್ರಲ್ಲೇ ಎರಡು ಒತ್ತಿದೆ. ಮೂರನೇದು ಬೇಡ."
ಜಂಬದ ಮಾತು. ಬಾತ್‌ರೂಮಿಗೆ ಹೋಗಿ ಅತ್ತೆ.

9 ಆಗಸ್ಟ್
ಎಡಗೈ. ಒಂದೂವರೆ ತಿಂಗಳು ಕಾಪಿ ಬರೆದೆ.
ಇಂದು ಮೂರು ಸಹಿ ಹಾಕಿದೆ. ಹನ್ನೊಂದು ನಿಮಿಷ. ಅಜ್ಮತ್ ಭೂತಗನ್ನಡಿ ಹಿಡಿದು ನೋಡಿದ. ದಯೆ ತೋರಿಸಲಿಲ್ಲ, ಪುಣ್ಯಾತ್ಮ.
"ಎರಡನೇದ್ರಲ್ಲಿ ಣ ಒತ್ತು ಜಾರಿದೆ. ಆದ್ರೂ… ತಾಳೆಯಾಗ್ತಿದೆ ಮೇಡಂ."
ಸೀಟು ಉಳಿಯಿತು. ಬಲಗೈ ಮಡಿಲಲ್ಲಿ ಮಲಗಿತ್ತು, ಬೇರೆ ಯಾರದೋ ಕೈಯಂತೆ.
ಸಾಕು. ಎಡಗೈ ಸೋತಿದೆ. ಈ ಮನೆಯಲ್ಲಿ ನನ್ನ ಡೈರಿ ಕದ್ದು ಓದುವವರು ಯಾರೇ ಇರಲಿ, ಕ್ಷಮಿಸಿದ್ದೇನೆ. ತಿರುಪಿನ ಮುಚ್ಚಳದ ಪೆನ್ನು, ಮುಚ್ಚಲು ಎರಡು ಕೈ ಬೇಕು. ಇಂಕು ಒಣಗುವ ಮುಂಚೆ ಮುಚ್ಚಳ ಸ್ವಲ್ಪ —